ಬಸ್ಸಿನೊಳಗೆ ಆಡಿದ ಮಾತು

ಶಹಾಪುರದಿಂದ ಸುರಪುರದ ಮೇಲೆ ಹಾಯ್ದು ಕಕ್ಕೇರಾಕ್ಕೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಕೂಡಲು ಜಾಗ ಸಿಗುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಆದರೂ ಅದೇ ಬಸ್ಸಿಗೆ ಕಾಯುವವರಿದ್ದಾರೆ. ಹಿಂದೆ ಇನ್ನೊಂದು ಖಾಲಿ ಬಸ್ಸು ಬರುತ್ತದೆ ಎಂದರೂ ಕೇಳುವುದಿಲ್ಲ. “ಇರ್ಲಿ ಬಿಡ್ರಿ, ಪರಿಮಳಕ್ಕನ ಬಸ್ಸಿನಾಗ ನಿಂತೇ ಹೋಗ್ತೀವಿ” ಎನ್ನುತ್ತಾರೆ. ಪರಿಮಳಾ ಆ ಬಸ್ಸಿನ ಕಂಡಕ್ಟರ್.

ಮೊದಲು ಹೀಗಿರಲಿಲ್ಲ. ಅವಳು ಈ ರೂಟಿಗೆ ಬಂದ ಹೊಸದರಲ್ಲಿ ಅವಳ ದನಿಗೆ ಬಸ್ ಸ್ಟ್ಯಾಂಡಿನ ನಾಯಿಗಳೂ ಎದ್ದು ಆಚೆ ಹೋಗುತ್ತಿದ್ದವು ಎಂದು ಡ್ರೈವರ್ ಖಾಜಾಹುಸೇನ ನಗೆಯಾಡುತ್ತಿದ್ದ. ಅದರಲ್ಲಿ ಸುಳ್ಳೇನೂ ಹೆಚ್ಚಿರಲಿಲ್ಲ.

ಪರಿಮಳಾ ಹುಟ್ಟಿದ್ದು ಕಕ್ಕೇರಾದಲ್ಲಿ. ಅಪ್ಪ ಹುಲಗಪ್ಪ ಮಂದಿಯ ಹೊಲಗಳಲ್ಲಿ ಕೂಲಿ ಮಾಡಿ ಬದುಕಿದವನು. ಅವನನ್ನು ಊರಲ್ಲಿ ಪೂರ್ತಿ ಹೆಸರಿನಿಂದ ಕರೆದವರು ಕಡಿಮೆ. ಶಾಲೆಗೆ ಹೋಗುವ ಹುಡುಗರೂ “ಏ ಹುಲಗ್ಯಾ” ಎನ್ನುತ್ತಿದ್ದರು. ಅವನು ಓಗೊಡುತ್ತಿದ್ದ, ಹೇಳಿದ ಕೆಲಸ ಮಾಡುತ್ತಿದ್ದ, ಎದುರು ಮಾತಾಡುತ್ತಿರಲಿಲ್ಲ. ಆದರೆ ಮನೆಯಲ್ಲಿ ಮಗಳನ್ನು ‘ಪರಿ’ ಅಂತಲೋ ‘ಪರಿಮಿ’ ಅಂತಲೋ ಯಾರಾದರೂ ಕರೆದರೆ ಅವನಿಗೆ ಸೇರುತ್ತಿರಲಿಲ್ಲ. ಊದುಬತ್ತಿ ಪಾಕೀಟಿನ ಮೇಲಿದ್ದ ಹೆಸರನ್ನು ಯಾರೋ ಓದಿ ಹೇಳಿದ್ದು ಕೇಳಿ ಅವನು ಮಗಳಿಗೆ ಇಟ್ಟ ಹೆಸರದು. “ಪೂರ್ತಿ ಅನ್ರಿ, ಬಾಯಿ ಸವೆಯಂಗಿಲ್ಲ” ಎಂದು ಹೆಂಡತಿ ಬಸ್ಸಮ್ಮನಿಗೂ ಹೇಳುತ್ತಿದ್ದ.

ಸುರಪುರದ ಹಾಸ್ಟೆಲಿನಲ್ಲಿದ್ದು ಓದಿದ ಪರಿಮಳಾಗೆ ಕಂಡಕ್ಟರ್ ಕೆಲಸ ಸಿಕ್ಕಾಗ ಹುಲಗಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ತರಬೇತಿಯಲ್ಲಿ ಹಿರಿಯ ಕಂಡಕ್ಟರಮ್ಮ ಒಬ್ಬಳು ಅವಳನ್ನು ಪಕ್ಕಕ್ಕೆ ಕರೆದು, “ನೋಡವ್ವಾ, ಮೆತ್ತಗ ಮಾತಾಡಿದ್ರ ಮಂದಿ ನಿನ್ನ ಮ್ಯಾಲೇ ಹತ್ತಿ ಇಳೀತಾರ. ಮೊದಲ ದಿನಾನೇ ಒದರಿಬಿಡು” ಎಂದಿದ್ದಳು. ಪರಿಮಳಾ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಳು. ಹೆಣ್ಣು ಕಂಡಕ್ಟರ್ ಎಂದು ಕಿಸಕ್ಕನೆ ನಕ್ಕವರಿಗೆ, ಚಿಲ್ಲರೆ ಕೊಡುವಾಗ ಬೇಕಂತಲೇ ಕೈ ಸವರಿದವರಿಗೆ, ಕುಡಿದು ಹತ್ತಿ ಮೈಮೇಲೆ ಬೀಳುವವರಿಗೆ ಅವಳ ಬಾಯಿಯಿಂದ ಬಂದ ಮಾತುಗಳು ಆಮೇಲೆ ಬಹಳ ದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಓಡಾಡಿದವು. ಅದರಿಂದ ಅವಳಿಗೆ ಉಪಯೋಗವೂ ಆಯಿತು. ಯಾರೂ ಅವಳ ತಂಟೆಗೆ ಹೋಗದಂತಾದರು. ಕೆಟ್ಟದ್ದೆಂದರೆ, ತಂಟೆಗೆ ಬಾರದವರಿಗೂ ಆ ಬಾಯಿ ಅದೇ ಮಾತು ಬಡಿಸತೊಡಗಿತು.

ಗಂಡ ದೇವಿಂದ್ರ ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಗುಮಾಸ್ತ. ಸಮಾಧಾನಿ. ಒಂದು ಸಂಜೆ ತಾಟಿನ ಮುಂದೆ ಕೂತವನು, “ನೀ ‘ಊಟಕ್ಕ ಬರ್ರಿ’ ಅಂದದ್ದು ನನಗ ‘ಮುಂದ ಸರೀರಿ’ ಅಂದಂಗ ಕೇಳಿಸ್ತು ನೋಡು” ಎಂದ. ಅವಳು ನಕ್ಕಳು. ಅದನ್ನು ಅಷ್ಟಕ್ಕೇ ಬಿಟ್ಟಳು.

ಹೆಂಗಸರು ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡಬಹುದೆಂದು ಸರ್ಕಾರ ಆದೇಶ ಮಾಡಿದ ಮೇಲೆ ಈ ರೂಟಿನ ಚಹರೆಯೇ ಬದಲಾಯಿತು. ಹತ್ತಿ ಬಿಡಿಸಲು ಹೋಗುವವರು, ಆಸ್ಪತ್ರೆಗೆ ಹೊರಟ ಬಸುರಿಯರು, ತವರಿಗೆ ಹೋಗಿ ಸಂಜೆಗೆ ತಿರುಗಿ ಬರುವವರು, ಕಾಲೇಜಿನ ಹುಡುಗಿಯರು ಎಲ್ಲರೂ ಬಸ್ಸಿಗೇ ಬಂದರು. ಅಲ್ಲಿಯವರೆಗೆ ಊರು ಬಿಟ್ಟು ಹೊರಬೀಳದ ಮುದುಕಿಯರು ಸುಮ್ಮನೆ ಸುರಪುರ ನೋಡಿ ಬರಲೆಂದೂ ಹತ್ತಿದರು. ಪರಿಮಳಾಗೆ ಉಸಿರಾಡಲು ಪುರುಸೊತ್ತಿಲ್ಲ. ಒಬ್ಬೊಬ್ಬರ ಕಾರ್ಡ್ ನೋಡಬೇಕು, ಸೊನ್ನೆ ಟಿಕೆಟ್ ಹರಿದು ಕೊಡಬೇಕು, ಮುಂದಿನ ಸ್ಟಾಪ್ ಬರುವುದರೊಳಗೆ ಹಿಂದಿನವರದು ಮುಗಿಸಬೇಕು. ಇದರ ನಡುವೆ ಗಂಡಸರ ಗೊಣಗಾಟ ಬೇರೆ.

ಆ ಗೊಣಗುವವರಲ್ಲಿ ಮುಂದಾಳು ಅಂಬಣ್ಣ. ಸುರಪುರದಲ್ಲಿ ಅವನದು ಕಿರಾಣಿ ಅಂಗಡಿ. ಶಹಾಪುರದಿಂದ ದಿನಾ ಓಡಾಡುತ್ತಿದ್ದ. “ನಮಗೊಂದು ಬ್ಯಾರೆ ಬಸ್ ಬಿಡ್ರಿ ಕಂಡಕ್ಟರ್ ಮೇಡಂ. ರೊಕ್ಕಾ ಕೊಟ್ಟವರು ನಿಂದ್ರಬೇಕು, ಕೊಡದವರು ಕೂಡಬೇಕು, ಇದೆಂಥಾ ನ್ಯಾಯ?” ಎನ್ನುವುದು ಅವನ ದಿನದ ಪಾಠ.

ಹತ್ತಿ ಬಿಡಿಸುವ ಕಾಲ. ಆ ದಿನ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಟಿಕೆಟ್ ಮಷಿನ್ ನಡುನಡುವೆ ನಿಂತು ನಿಂತು ಪರಿಮಳಾಳ ತಲೆ ಕೆಡಿಸಿತ್ತು. ಕ್ಯಾನಲ್ ಕ್ರಾಸಿನಲ್ಲಿ ಒಬ್ಬ ಮುದುಕಿ ಸೊಪ್ಪಿನ ಗಂಟು ಹೊತ್ತು ಹತ್ತಿದಳು. ದಿನಾ ಹತ್ತುವವಳೇ. ಸುರಪುರದ ಸಂತೆಕಟ್ಟೆಯಲ್ಲಿ ಪುಂಡಿ, ಮೆಂತ್ಯ, ರಾಜಗಿರಿ ಮಾರುವವಳು. ಪರಿಮಳಾಗೆ ಮುಖ ಗೊತ್ತು, ಹೆಸರು ಗೊತ್ತಿರಲಿಲ್ಲ.

“ಕಾರ್ಡ್ ತಗೀರಿ” ಎಂದಳು.

ಮುದುಕಿ ಗಂಟನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೈಚೀಲದಲ್ಲಿ ಹುಡುಕತೊಡಗಿದಳು. ಎಲೆಅಡಿಕೆಯ ಸಂಚಿ ಬಂತು, ಒಂದು ಬಾಚಣಿಗೆ ಬಂತು, ಕಾರ್ಡ್ ಬರಲಿಲ್ಲ. “ಇಲ್ಲೇ ಇತ್ತವ್ವಾ, ಜರಾ ನಿಂದ್ರು” ಎಂದಳು. ಹಿಂದಿನಿಂದ ಜನ ನೂಕುತ್ತಿದ್ದರು. ಅಂಬಣ್ಣ ತನ್ನ ಪಾಠ ಮತ್ತೆ ಶುರುಮಾಡಿದ್ದ. ಮಷಿನ್ ಮತ್ತೆ ನಿಂತಿತು.

“ಪುಕ್ಕಟ ಬರೋರಿಗೆ ಕಾರ್ಡ್ ಕೈಯಾಗ ಹಿಡಕೊಂಡು ನಿಂದ್ರಾಕ ಏನ್ ರೋಗ ಬಂದದ?” ಎಂದಳು ಪರಿಮಳಾ. ಅವಳ ದನಿ ಗೊತ್ತೇ ಇದೆ. ಹಿಂದಿನ ಬಾಗಿಲಿನವರೆಗೂ ಕೇಳಿತು.

ಬಸ್ಸು ನಕ್ಕಿತು. ಅಂಬಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ಬಾಗಿಲ ಬಳಿ ನಿಂತಿದ್ದ ಕಾಲೇಜು ಹುಡುಗರು ಆ ಮಾತನ್ನೇ ಇನ್ನೊಮ್ಮೆ ಅಣಕಿಸಿ ನಕ್ಕರು. ಮುದುಕಿ ಹುಡುಕುವುದನ್ನು ನಿಲ್ಲಿಸಿದಳು. ಚೀಲದ ಬಾಯಿ ಕಟ್ಟಿದಳು. ಮುಂದಿನ ಸ್ಟಾಪ್ ಬಂದಾಗ, “ಇಳೀತೀನಿ” ಎಂದು ಗಂಟು ಎತ್ತಿಕೊಂಡಳು.

“ಸುರಪುರ ಇನ್ನೂ ಬಂದಿಲ್ಲ” ಎಂದಳು ಪರಿಮಳಾ.

“ಗೊತ್ತದ” ಎಂದು ಮುದುಕಿ ಇಳಿದಳು.

ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಹತ್ತಿ ಹೊಲ. ಪರಿಮಳಾ ಸೀಟಿ ಊದಿದಳು. ಬಸ್ಸು ಕೂಡಲೇ ಹೊರಡಲಿಲ್ಲ. ಖಾಜಾಹುಸೇನ ಕನ್ನಡಿಯಲ್ಲಿ ಆ ಮುದುಕಿಯನ್ನು ನೋಡುತ್ತಿದ್ದ. ಅವಳು ಗಂಟನ್ನು ತಲೆಗೇರಿಸಿಕೊಂಡು ರಸ್ತೆಯ ಅಂಚು ಹಿಡಿದು ನಡೆಯತೊಡಗಿದ ಮೇಲೆ ಗೇರ್ ಹಾಕಿದ.

ಕಕ್ಕೇರಾದಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಅವನು ಮಾತು ತೆಗೆದ. ಖಾಜಾಹುಸೇನ ಮಾತಿನವನಲ್ಲ. ನಿವೃತ್ತಿಗೆ ಹತ್ತಿರ ಬಂದಿದ್ದ, ಬಿಳಿಗಡ್ಡದ ಮನುಷ್ಯ. ಪರಿಮಳಾ ಅವನನ್ನು ಚಾಚಾ ಎನ್ನುತ್ತಿದ್ದಳು.

“ಬೇಟಿ, ನಿನಗ ಎಷ್ಟು ತ್ರಾಸ ಅದ ಅಂತ ನನಗ ಗೊತ್ತದ. ನೀ ಹಂಗ ಯಾಕ ಅಂದಿ ಅಂತ ನಾ ಕೇಳಂಗಿಲ್ಲ. ಆದ್ರ ನನ್ನ ಗಾಡಿಯಿಂದ ಇಲ್ಲೀತನಕ ಯಾರೂ ನಡುದಾರಿಯೊಳಗ ಹಂಗ ಇಳಿದು ಹೋಗಿದ್ದಿಲ್ಲ.”

“ಆಕಿ ತಾನೇ ಇಳದಾಳ್ರಿ ಚಾಚಾ. ನಾ ಏನ್ ಇಳಸಿಲ್ಲ.”

“ಹೌದು, ತಾನೇ ಇಳದಾಳ” ಎಂದು ಅವನು ಲೋಟ ಕೆಳಗಿಟ್ಟ.

ಮರುದಿನ ಕ್ಯಾನಲ್ ಕ್ರಾಸಿನಲ್ಲಿ ಮುದುಕಿ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಪರಿಮಳಾ ನೋಡಬಾರದೆಂದುಕೊಂಡರೂ ಆ ಸ್ಟಾಪ್ ಬಂದಾಗ ಅವಳ ಕಣ್ಣು ಕಿಟಕಿಗೆ ಹೋಗುತ್ತಿತ್ತು. ಹೀಗೇ ಒಂದು ದಿನ ಕಿಟಕಿಯಾಚೆ ನೋಡುತ್ತಿದ್ದಾಗ ಅವಳಿಗೆ ಹಾಸ್ಟೆಲ್ ನೆನಪಾಯಿತು. ಏಳನೇ ಇಯತ್ತೆಯಲ್ಲಿ ಬೆಂಚಿನ ಜಾಗಕ್ಕೆ ಜಗಳವಾಗಿ, ಮನೆಯಿಂದ ಶಾಲೆಗೆ ಬರುವ ಹುಡುಗಿಯೊಬ್ಬಳು “ಪುಕ್ಕಟ ಉಣ್ಣೋರಿಗೆ ಸೊಕ್ಕು ಎಷ್ಟು ನೋಡ್ರಿ” ಎಂದಿದ್ದಳು. ಆ ಮಧ್ಯಾಹ್ನ ಹಾಸ್ಟೆಲಿನಲ್ಲಿ ತಾಟಿನ ಮುಂದೆ ಕೂತವಳು ಹಾಗೇ ಎದ್ದಿದ್ದಳು. ಹಸಿವಿತ್ತು, ಆದರೂ ಉಣ್ಣಲಿಲ್ಲ. ಆ ಹುಡುಗಿಯ ಹೆಸರು ಈಗ ಅವಳಿಗೆ ಮರೆತಿದೆ. ಮುಖವೂ ಮಸುಕು. ಆ ಒಂದು ಶಬ್ದ ಮಾತ್ರ ಹಾಗೇ ಇತ್ತು. ಅಷ್ಟು ವರ್ಷ ಒಳಗೇ ಕೂತಿದ್ದ ಶಬ್ದವನ್ನು ತಾನೇ ತೆಗೆದು ಇನ್ನೊಬ್ಬರ ಮುಖಕ್ಕೆ ಎಸೆದಿದ್ದಳು. ಟಿಕೆಟ್ ಹರಿಯುತ್ತಿದ್ದ ಅವಳ ಕೈ ಕ್ಷಣ ನಿಂತಿತು. “ಯಾಕ್ರಿ ಅಕ್ಕಾರ, ಮಷಿನ್ ಮತ್ತ ನಿಂತದೇನು?” ಎಂದು ಎದುರಿನವನು ಕೇಳಿದ.

ರಜೆಯ ದಿನ ಅವಳು ಸುರಪುರಕ್ಕೆ ಹೋದಳು. ಸಂತೆಕಟ್ಟೆಯಲ್ಲಿ ಸೊಪ್ಪಿನವರ ಸಾಲಿನಲ್ಲಿ ಮುದುಕಿ ಗೋಣಿಚೀಲ ಹಾಸಿ ಕೂತಿದ್ದಳು. ಖಾಕಿ ಇಲ್ಲದ ಪರಿಮಳಾಳ ಗುರುತು ಅವಳಿಗೆ ಒಮ್ಮೆಲೇ ಹತ್ತಲಿಲ್ಲ. “ಏನ್ ಬೇಕವ್ವಾ, ಪುಂಡಿ ಎಳೇದು ಅದ” ಎಂದಳು. ಆಮೇಲೆ ಮುಖ ನೋಡಿ ಸೊಪ್ಪಿನ ಕಡೆ ತಿರುಗಿದಳು.

ಪಕ್ಕದ ಹೆಂಗಸು ಅವಳನ್ನು ‘ಸುಂದ್ರಮ್ಮ’ ಎಂದು ಕೂಗಿದ್ದರಿಂದ ಪರಿಮಳಾಗೆ ಹೆಸರು ತಿಳಿಯಿತು. ಅವಳು ಗೋಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕೂಡಿಸಿಟ್ಟುಕೊಂಡದ್ದೆಲ್ಲ ಅಲ್ಲಿ ನೆನಪಿಗೆ ಬರಲಿಲ್ಲ.

“ಬಸ್ಸಿಗೆ ಯಾಕ್ ಬರವಲ್ಲಿರಿ ಅವ್ವಾ? ಹೆಂಗ ಬರ್ತೀರಿ ಈಗ?”

“ಟಂಟಂ ಆಟೋದಾಗ.”

“ಟಂಟಂಗೆ ಯಾಕ ರೊಕ್ಕಾ ಕೊಡ್ತೀರಿ? ಬಸ್ಸು ಫ್ರೀ ಅದಲ್ಲ.”

ಸುಂದ್ರಮ್ಮ ಸೊಪ್ಪಿನ ಸೂಡಿಗೆ ನೀರು ಚಿಮುಕಿಸುತ್ತಿದ್ದವಳು ಕೈ ನಿಲ್ಲಿಸಿದಳು. “ಅವತ್ತು ಪುಕ್ಕಟ ಅಂದಿ, ಇವತ್ತು ಫ್ರೀ ಅನ್ನಾಕತ್ತಿ. ಇಂಗ್ಲಿಷ್‌ನಾಗ ಅಂದ್ರ ಬ್ಯಾರೆ ಆಗತದೇನು?”

ಪರಿಮಳಾಳ ಮುಖ ಕೆಂಪಾಯಿತು. “ತಪ್ಪಾಗ್ಯಾದ್ರಿ. ಸಿಟ್ಟಿನಾಗ ಬಾಯಿಗೆ ಬಂದದ್ದು ಅಂದ್ಬಿಟ್ಟೆ. ಮನಸ್ಸಿನಾಗ ಇಟ್ಕೋಬ್ಯಾಡ್ರಿ.”

ಗಿರಾಕಿಯೊಬ್ಬಳು ಬಂದು ಮೆಂತ್ಯ ಕೊಂಡು ಹೋದಳು. ಅವಳು ಹೋದ ಮೇಲೆ ಮುದುಕಿ ಹೇಳಿದಳು: “ನೀ ಅಂದದ್ದು ನಾ ಅವತ್ತೇ ಬಿಟ್ಟೆ. ನನಗೂ ಬಾಯಿ ಅದ, ನಾನೂ ನನ್ನ ಸೊಸಿಗೆ ಅಂತೀನಿ. ಆದ್ರ ಬಸ್ಸಿನ್ಯಾಗ ನಮ್ಮೂರ ಹುಡುಗ್ರು ಇದ್ರು. ನಾ ಮನಿ ಮುಟ್ಟೋದಕ್ಕ ಮೊದಲೇ ಆ ಮಾತು ಮನಿ ಮುಟ್ಟಿತ್ತು. ‘ಬಸ್ಸಿನ್ಯಾಗ ಏನ್ ಅಂದ್ರಂತ ಅತ್ತಿ ನಿಮಗ’ ಅಂತ ಸೊಸಿ ಕೇಳಿದ್ಲು. ಏನಂತ ಹೇಳ್ಲಿ ಆಕಿಗೆ? ಈಗ ನೀ ಇಲ್ಲಿ ಬಂದು ನನ್ನ ಕಿವ್ಯಾಗ ತಪ್ಪಾತು ಅಂದಿ. ಛಲೋ ಆತು. ಅಂದದ್ದು ಎಲ್ಲಾರ ಮುಂದ, ತಪ್ಪಾತು ಅನ್ನೋದು ಸೊಪ್ಪಿನ ಮುಂದ.”

ಹೀಗೆಂದು ಅವಳೇ ನಕ್ಕಳು. ಸಿಟ್ಟಿನ ನಗೆಯಲ್ಲ. ಪರಿಮಳಾಗೆ ನಗು ಬರಲಿಲ್ಲ. ಎರಡು ಸೂಡು ಪುಂಡಿ ಕೊಂಡು ಮನೆಗೆ ಬಂದಳು. ಪಲ್ಯ ಮಾಡಿದಳು. ದೇವಿಂದ್ರ ರೊಟ್ಟಿಯ ಜೊತೆ ಉಂಡು ಚೆನ್ನಾಗಿದೆ ಎಂದ. ಅವಳು ನಡೆದದ್ದನ್ನೆಲ್ಲ ಹೇಳಿದಳು.

“ಮುದುಕಿ ಹೇಳಿದ್ದು ಖರೇ ಅದ” ಎಂದ ಅವನು.

“ಖರೇ ಅದ. ಈಗ ಏನ್ ಮಾಡ್ಲಿ? ಆಕಿ ಬಸ್ಸಿಗೇ ಬರಂಗಿಲ್ಲ.”

“ಆಕಿ ಬರೋತನಕ ಉಳಿದವರು ಇದ್ದಾರಲ್ಲ.”

ಉಳಿದವರ ವಿಷಯ ಪರಿಮಳಾ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮರುದಿನದಿಂದ ಒದರುವುದು ಬೇಡ ಎಂದು ತೀರ್ಮಾನಿಸಿ, ಟೀವಿಯಲ್ಲಿ ಕೇಳಿದಂತೆ, “ದಯವಿಟ್ಟು ಎಲ್ಲಾರೂ ಒಳಗ ಸರೀರಿ” ಎಂದಳು. ಯಾರೂ ಸರಿಯಲಿಲ್ಲ. ಅವಳಿಗೆ ಮೈಗೆ ಹುಷಾರಿಲ್ಲವೆಂದುಕೊಂಡ ಒಬ್ಬ ಅಜ್ಜಿ, “ಶುಂಠಿ ಕಷಾಯ ಕುಡೀ ಮಗಳ” ಎಂದಳು. ಅಂಬಣ್ಣ, “ಮೇಡಂ ಇವತ್ತು ಬೆಂಗಳೂರಿಂದ ಬಂದಾರ” ಎಂದ. ಬಾಗಿಲಲ್ಲಿ ಜೋತುಬಿದ್ದವರು ಇನ್ನಷ್ಟು ಜೋತುಬಿದ್ದರು. ಸುರಪುರದಲ್ಲಿ ಬಸ್ಸು ನಿಂತಾಗ ಖಾಜಾಹುಸೇನ ಹಿಂದೆ ತಿರುಗಿ, “ಈ ರೋಡಿನ್ಯಾಗ ದಯವಿಟ್ಟು ಅಂದ್ರ ಎಮ್ಮಿನೂ ಸರಿಯಂಗಿಲ್ಲ ಬೇಟಿ” ಎಂದ.

ಅಂದು ಅವಳಿಗೆ ಒಂದು ಸಂಗತಿ ಹೊಳೆಯಿತು. ದನಿ ತಗ್ಗಿಸಿದರೆ ಸಾಲದು, ಹೇಳುವ ಮಾತು ಬೇರೆಯಾಗಬೇಕು. ಹಾಗೆಂದು ಅದು ಎರವಲು ತಂದ ಮಾತಾಗಬಾರದು. ಅಲ್ಲಿಂದ ಮುಂದೆ ಅವಳು ಒಂದೊಂದೇ ಮಾತನ್ನು ಹುಡುಕತೊಡಗಿದಳು. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ. ‘ಒಳಗ ಸರೀರಿ’ ಎಂದು ಬಸ್ಸಿಗೆಲ್ಲ ಕೂಗಿದರೆ ಅದು ಯಾರಿಗೂ ತಾಕುವುದಿಲ್ಲ. ಒಬ್ಬನನ್ನೇ ನೋಡಿ, “ಅಣ್ಣಾ, ಒಂದ್ ಹೆಜ್ಜಿ ಒಳಗ. ನಿಮ್ಮ ಹಿಂದ ಕೂಸು ಹೊತ್ತಾಕಿ ನಿಂತಾಳ” ಎಂದರೆ ಅವನು ತಿರುಗಿ ನೋಡುತ್ತಾನೆ, ನೋಡಿದ ಮೇಲೆ ಸರಿಯದೆ ಇರಲಾರ. ಹೆಂಗಸರಿಗೆ ಮೊದಲು ಕಾರ್ಡ್ ಕೇಳುವುದನ್ನು ಬಿಟ್ಟಳು. “ಯಾವೂರಿಗೆ ಹೊಂಟೀರಿ?” ಎಂದು ಕೇಳಿ, ಅವರು ಊರು ಹೇಳಿದ ಮೇಲೆ, “ಕಾರ್ಡ್ ತೋರಿಸ್ರಿ, ನಿಮ್ಮ ಟಿಕೆಟ್ ಕೊಡ್ತೀನಿ” ಎನ್ನತೊಡಗಿದಳು. ಸೊನ್ನೆ ಟಿಕೆಟ್ ಎನ್ನುವುದನ್ನೂ ಬಿಟ್ಟಳು. ಟಿಕೆಟ್ ಅಷ್ಟೇ.

ಅಂಬಣ್ಣನ ಪಾಠ ನಿಂತಿರಲಿಲ್ಲ. ಮೊದಲಾದರೆ ಅವಳು ಅವನ ಜೊತೆ ಸೇರಿ ಗೊಣಗುತ್ತಿದ್ದಳು, ಇಲ್ಲವೇ ಸಿಡಿಯುತ್ತಿದ್ದಳು. ಈಗ ಒಂದು ದಿನ ಅವನ ಪಕ್ಕಕ್ಕೆ ಬಂದು, “ಅಂಬಣ್ಣಾರ, ಇವರೆಲ್ಲಾ ಇಳಿದು ಸಂತಿ ಮಾಡೋದು ಎಲ್ಲಿರಿ?” ಎಂದು ಕೇಳಿದಳು.

ಅವನು ಅನುಮಾನದಿಂದ ನೋಡಿದ. “ಸುರಪುರದಾಗ.”

“ನಿಮ್ಮ ಅಂಗಡಿ ಎಲ್ಲಿ ಅದರಿ?”

ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು ತಿರುಗಿ, “ಇವರ ಅಂಗಡಿಗೇ ಹೋಗ್ತೀವಿ ನಾವು. ತೊಗರಿ ಬ್ಯಾಳಿ ಛಲೋ ಇರತದ” ಎಂದಳು. ಅಂಬಣ್ಣ ಕಿಟಕಿಯಾಚೆ ನೋಡುತ್ತ, “ಬ್ಯಾಳಿ ನಾ ಆರಿಸಿ ತರ್ತೀನಿ” ಎಂದ. ಮುಂದೆಯೂ ಆಗಾಗ ಗೊಣಗುತ್ತಿದ್ದ, ಆದರೆ ಅದರಲ್ಲಿ ಮೊದಲಿನ ಉಪ್ಪುಖಾರ ಇರಲಿಲ್ಲ.

ಗಟ್ಟಿ ಮಾತನ್ನು ಅವಳು ಪೂರ್ತಿ ಬಿಟ್ಟಳೆಂದಲ್ಲ. ಅದನ್ನು ಬೇಕಾದಲ್ಲಿಗೆ ಉಳಿಸಿಕೊಂಡಳು. ಜನ ತುಂಬಿದ ಬಸ್ಸಿನಲ್ಲಿ ಯುವಕನೊಬ್ಬ ಕಾಲೇಜು ಹುಡುಗಿಯ ಮೈಗೆ ಅಂಟಿ ಅಂಟಿ ನಿಲ್ಲುವುದು ಅವಳ ಕಣ್ಣಿಗೆ ಬಿತ್ತು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಕೂಗಿದರೆ ಬಸ್ಸೆಲ್ಲ ಹುಡುಗಿಯನ್ನೇ ತಿರುಗಿ ನೋಡುತ್ತದೆ ಎಂಬುದು ಪರಿಮಳಾಗೆ ಗೊತ್ತಿತ್ತು. ಜನರ ನಡುವೆ ತೂರಿ ಬಂದು ಅವನ ಕಿವಿಯ ಹತ್ತಿರ, “ತಮ್ಮಾ, ಎರಡೂ ಕೈ ಮ್ಯಾಲಿನ ಕಂಬಿ ಮ್ಯಾಲ ಇರಲಿ. ನಾ ಇಲ್ಲೇ ನಿಂತೀನಿ. ಮುಂದಿನ ಸ್ಟಾಪಿನ್ಯಾಗ ಇಳಿ” ಎಂದಳು. ಅವನು ಏನೂ ತಿಳಿಯದವನಂತೆ ಅತ್ತಿತ್ತ ನೋಡಿದ. ಅವಳು ಅಲ್ಲೇ ನಿಂತಿದ್ದಳು. ಮುಂದಿನ ಸ್ಟಾಪಿನಲ್ಲಿ ಅವನು ಇಳಿದ. ಹುಡುಗಿಯ ಹೆಸರೂ ಯಾರ ಬಾಯಿಗೂ ಬರಲಿಲ್ಲ. ಅವಳು ಸುರಪುರದಲ್ಲಿ ಇಳಿಯುವಾಗ ಪರಿಮಳಾಳ ಮುಂಗೈಯನ್ನು ಒಮ್ಮೆ ಹಿಡಿದು ಬಿಟ್ಟು ಹೋದಳು.

ಜೋಳದ ಸುಗ್ಗಿ ಶುರುವಾಗಿತ್ತು. ಟಂಟಂನವರು ಯಾವುದೋ ಮದುವೆಯ ಬಾಡಿಗೆಗೆ ಹೋಗಿದ್ದರಿಂದ ಒಂದು ಮುಂಜಾನೆ ಸುಂದ್ರಮ್ಮ ಕ್ಯಾನಲ್ ಕ್ರಾಸಿನಲ್ಲಿ ಗಂಟು ಹಿಡಿದು ನಿಂತಿದ್ದಳು. ಖಾಜಾಹುಸೇನ ಅವಳನ್ನು ದೂರದಿಂದಲೇ ಗುರುತಿಸಿದ. ಬಾಗಿಲು ಸರಿಯಾಗಿ ಅವಳ ಮುಂದೆ ಬರುವಂತೆ ಬಸ್ಸು ನಿಲ್ಲಿಸಿದ. ಸುಂದ್ರಮ್ಮ ಯಾರ ಮುಖವನ್ನೂ ನೋಡದೆ ಹತ್ತಿದಳು. ಈ ಸಲ ಕಾರ್ಡನ್ನು ಕೈಯಲ್ಲೇ ಹಿಡಿದಿದ್ದಳು, ಎಲ್ಲರಿಗೂ ಕಾಣುವಂತೆ.

ಪರಿಮಳಾ ಆ ಕಾರ್ಡನ್ನು ನೋಡಿದಳು. ಈಗ ಹೇಳದಿದ್ದರೆ ಮತ್ತೆ ಆಗುವುದಿಲ್ಲ ಎನಿಸಿತು. ಬಾಗಿಲಲ್ಲಿ ಅದೇ ಕಾಲೇಜು ಹುಡುಗರಿದ್ದರು. ಅಂಬಣ್ಣನಿದ್ದ. ಹತ್ತಿದವರದೆಲ್ಲ ಗದ್ದಲ. ಅವಳು ಸೀಟಿ ಊದಲಿಲ್ಲ. ಬಸ್ಸು ನಿಂತೇ ಇದ್ದುದರಿಂದ ಜನ ಏನಾಯಿತೆಂದು ಅವಳ ಕಡೆ ನೋಡಿದರು.

“ಸುಂದ್ರಮ್ಮವ್ವಾ” ಎಂದಳು. ಅವಳ ಹಳೆಯ ದನಿಯಲ್ಲೇ ಹೇಳಿದಳು, ಹಿಂದಿನ ಬಾಗಿಲಿಗೂ ಕೇಳಬೇಕಿತ್ತು. “ಹತ್ತಿ ಬಿಡಿಸೋ ದಿನದಾಗ ಇದೇ ಬಸ್ಸಿನ್ಯಾಗ ನಾ ನಿಮಗ ಪುಕ್ಕಟ ಬರೋರು ಅಂದಿದ್ದೆ. ಅದು ಅನ್ನೋ ಮಾತಲ್ಲ. ನಿಮಗಷ್ಟ ಅಲ್ಲ, ಯಾರಿಗೂ ಅನ್ನಬಾರದು. ನಂದು ತಪ್ಪಾತು.”

ಇಷ್ಟು ಜನರ ಮುಂದೆ ಕಂಡಕ್ಟರ್ ಒಬ್ಬಳು ಸೊಪ್ಪು ಮಾರುವವಳಿಗೆ ತಪ್ಪಾಯಿತು ಎನ್ನುವುದನ್ನು ಅವರು ಯಾರೂ ಕಂಡಿರಲಿಲ್ಲ. ಮುದುಕಿ ಏನಾದರೂ ಎಂದರೆ ಕೇಳಿಸಿಕೊಳ್ಳಬೇಕೆಂದು ಪರಿಮಳಾ ನಿಂತಿದ್ದಳು.

ಸುಂದ್ರಮ್ಮ ಗಂಟನ್ನು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು. “ಸುರಪುರ, ಒಂದು” ಎಂದು ಕಾರ್ಡ್ ಮುಂದೆ ಹಿಡಿದಳು.

ಪರಿಮಳಾ ಟಿಕೆಟ್ ಹರಿದು ಕೊಟ್ಟಳು. ಮುದುಕಿ ಅದನ್ನು ಮಡಚಿ ಸಂಚಿಯಲ್ಲಿಟ್ಟುಕೊಂಡು ಬಾಗಿಲ ಕಡೆ ತಿರುಗಿದಳು. “ಏ ಹುಡುಗ್ರಾ, ಇದನ್ನೂ ಊರಾಗ ಹೇಳ್ರಿ. ನಮ್ಮ ಸೊಸಿಗೆ ಮರೀದಂಗ ಹೇಳ್ರಿ” ಎಂದಳು.

ಆಗ ನಗೆ ಎದ್ದಿತು. ಸುಂದ್ರಮ್ಮನೂ ನಕ್ಕಳು, ಪರಿಮಳಾಳೂ ನಕ್ಕಳು. ಖಾಜಾಹುಸೇನ ಸೀಟಿಗೆ ಕಾಯದೆ ಗೇರ್ ಹಾಕಿದ. ಅಂಬಣ್ಣ ಎದ್ದು ಜಾಗ ಬಿಟ್ಟುಕೊಟ್ಟನೆಂದು ಆಮೇಲೆ ಕೆಲವರು ಹೇಳಿದ್ದುಂಟು, ಅದು ನಿಜವಲ್ಲ. ಅವನು ತನ್ನ ಕಾಲ ಬಳಿಯ ಎಣ್ಣೆ ಡಬ್ಬಿಯನ್ನು ಆಚೆ ಸರಿಸಿ ಸೊಪ್ಪಿನ ಗಂಟಿಗೆ ಜಾಗ ಮಾಡಿದ, ಅಷ್ಟೇ.

ಆ ಮೇಲೆ ಅವರಿಬ್ಬರ ನಡುವೆ ವಿಶೇಷ ಗೆಳೆತನವೇನೂ ಬೆಳೆಯಲಿಲ್ಲ. ಸುಂದ್ರಮ್ಮ ದಿನಾ ಹತ್ತುತ್ತಾಳೆ, ಇಳಿಯುತ್ತಾಳೆ. ಗಂಟು ದೊಡ್ಡದಾದ ದಿನ ಲಗೇಜಿನ ವಿಷಯಕ್ಕೆ ಇಬ್ಬರಿಗೂ ವಾದ ಆಗುತ್ತದೆ. “ಮಾತು ಮೆತ್ತಗ ಆದ್ರೂ ನಿನ್ನ ಕಾಯ್ದೆ ಮೆತ್ತಗ ಆಗಲಿಲ್ಲ ನೋಡು” ಎಂದು ಮುದುಕಿ ಅನ್ನುತ್ತಾಳೆ. ಆದರೆ ರೂಟಿನಲ್ಲಿ ಸುದ್ದಿ ಹರಡಿತು. ಕಕ್ಕೇರಾದಲ್ಲಿ ಹುಲಗಪ್ಪನಿಗೂ ಮುಟ್ಟಿತು. ಮಗಳು ಮಂದಿಯ ಮುಂದೆ ತಪ್ಪು ಒಪ್ಪಿದ್ದು ಅವನಿಗೆ ಮೊದಲು ಸರಿ ಕಾಣಲಿಲ್ಲ. ಜೀವನವಿಡೀ ಎಲ್ಲರ ಮುಂದೆ ತಲೆಬಾಗಿದವನು ಅವನು, ಮಗಳಿಗೆ ಆ ಪಾಡು ಬರಬಾರದೆಂದುಕೊಂಡಿದ್ದ. ಬಸ್ಸು ಕಕ್ಕೇರಾದಲ್ಲಿ ನಿಂತಾಗ ಬಂದು ಅದನ್ನೇ ಹೇಳಿದ. ಪರಿಮಳಾ, “ನಾ ಬಗ್ಗಿಲ್ಲಪ್ಪಾ, ಸೀದಾ ನಿಂತೇ ಹೇಳೀನಿ” ಎಂದಳು. ಹುಲಗಪ್ಪ ಅದನ್ನು ಮೆಲುಕು ಹಾಕುತ್ತ ಮನೆಗೆ ಹೋಗಿ ಬಸ್ಸಮ್ಮನಿಗೆ ಹೇಳಿದ. ಎರಡು ದಿನ ಬಿಟ್ಟು ಊರ ಕಟ್ಟೆಯಲ್ಲಿ ಬೇರೆಯವರಿಗೂ ಹೇಳುತ್ತಿದ್ದುದನ್ನು ಬಸ್ಸಮ್ಮ ಕೇಳಿದಳು.

ಖಾಜಾಹುಸೇನನ ನಿವೃತ್ತಿಯ ದಿನ ಬಂತು. ಡಿಪೋದಲ್ಲಿ ಸಂಜೆ ಹಾರ, ಶಾಲು ಎಲ್ಲ ಇತ್ತು. ಅದಕ್ಕೆ ಮುಂಚೆ ಮುಂಜಾನೆಯ ಟ್ರಿಪ್ ಇತ್ತು. ಬಸ್ಸಿನ ಜನಕ್ಕೆ ಈ ವಿಷಯ ಹೇಗೆ ತಿಳಿಸುವುದೆಂದು ಪರಿಮಳಾ ದಾರಿಯುದ್ದಕ್ಕೂ ಯೋಚಿಸಿದಳು. ‘ಇವತ್ತೇ ಕೊನಿ’ ಎನ್ನಲು ಮನಸ್ಸು ಬರಲಿಲ್ಲ. ‘ಆಖರಿ’ ಎಂದರೂ ಅದೇ. ಒಳ್ಳೆಯ ಸುದ್ದಿಗೆ ಸಾವಿನ ಮಾತೇಕೆ ಎನಿಸಿತು. ಸುರಪುರ ಬರುವ ಮುಂಚೆ ಇಂಜಿನ್ನಿನ ಪಕ್ಕ ನಿಂತು ಎಲ್ಲರ ಕಡೆ ತಿರುಗಿದಳು.

“ನಾಳಿಂದ ಚಾಚಾ ನಮ್ಮಂಗ ಹಿಂದ ಕುಂತು ಬರ್ತಾರ” ಎಂದಳು.

ಜನಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಸುರಪುರದಲ್ಲಿ ಇಳಿಯಬೇಕಾದವರು ಇಳಿಯದೆ ಸಾಲಾಗಿ ಡ್ರೈವರ್ ಸೀಟಿನ ಕಡೆ ಬಂದರು. ಯಾರೋ ಕೈ ಕುಲುಕಿದರು, ಯಾರೋ ಹೆಗಲು ಮುಟ್ಟಿದರು. ಖಾಜಾಹುಸೇನ ಸ್ಟೇರಿಂಗ್ ಬಿಡದೆ, “ಹೋಗ್ರಿ, ಹೋಗ್ರಿ, ಟೈಮ್ ಆಗ್ಯಾದ” ಎನ್ನುತ್ತ ಅತ್ತಿತ್ತ ನೋಡುತ್ತಿದ್ದ.

ಅವನು ಮಾತಿಗೆ ತಕ್ಕಂತೆ ನಿಜವಾಗಿಯೂ ಬಂದ. ಸ್ವಲ್ಪ ದಿನದ ಮೇಲೆ ಹೆಂಡತಿಯನ್ನು ಕರೆದುಕೊಂಡು ಕಕ್ಕೇರಾದಿಂದ ಮುಂದಿರುವ ಕೊಡೇಕಲ್ಲಿಗೆ ಹರಕೆ ತೀರಿಸಲು ಹೊರಟವನು ಇದೇ ಬಸ್ಸಿಗೆ ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಸ್ಟೇರಿಂಗ್ ಹಿಡಿದಿದ್ದವನು ಆಸೀಫ್, ಕೆಲಸಕ್ಕೆ ಹೊಸಬ. ಬಸ್ಸು ಹೊರಟಾಗಿನಿಂದ ಖಾಜಾಹುಸೇನನಿಗೆ ಸಮಾಧಾನವಿಲ್ಲ. ತಿರುವಿನಲ್ಲಿ ವೇಗ ಹೆಚ್ಚಾಯಿತು, ಬ್ರೇಕ್ ಒರಟಾಯಿತು, ತಗ್ಗು ತಪ್ಪಿಸಲಿಲ್ಲ.

“ಇದು ಗಾಡಿ ಹೊಡಿಯೋ ರೀತಿ ಅಲ್ಲ” ಎಂದ ಗಟ್ಟಿಯಾಗಿ.

“ಚಾಚಾ, ಸಣ್ಣಗ ಅನ್ರಿ. ಕೇಳಿಸೀತು” ಎಂದಳು ಪರಿಮಳಾ.

“ಕೇಳಿಸಲಿ.”

“ಹೊಸಬ ಅದಾನ್ರಿ. ನೀವು ಹಂಗ ಅಂದ್ರ ಅವನ ಮನಸ್ಸಿಗೆ ಭಾಳ ಆಗತದ.”

ಖಾಜಾಹುಸೇನನ ಹೆಂಡತಿ ಗಂಡನ ಕಡೆ ನೋಡಿ ಸೆರಗಿನಲ್ಲಿ ನಕ್ಕಳು. ಅವನು ಮೀಸೆ ಸವರಿಕೊಂಡು ಸೀಟಿಗೆ ಒರಗಿದ. ಕಕ್ಕೇರಾದಲ್ಲಿ ಎಲ್ಲರೂ ಇಳಿದ ಮೇಲೆ ಹೆಂಡತಿಯನ್ನು ಬೇವಿನ ನೆರಳಲ್ಲಿ ನಿಲ್ಲಿಸಿ, ಬಸ್ಸಿನ ಮುಂದಿನಿಂದ ಸುತ್ತು ಹಾಕಿ ಡ್ರೈವರ್ ಕಿಟಕಿಯ ಕೆಳಗೆ ಹೋದ. ಪರಿಮಳಾ ಆಚೆ ಬಾಗಿಲಲ್ಲಿದ್ದಳು, ಅವನು ಏನು ಹೇಳಿದನೆಂಬುದು ಅವಳಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಸಣ್ಣ ದನಿಯಲ್ಲಿ ಮಾತಾಡಿದ, ಕೈಯಿಂದ ಕನ್ನಡಿ ತೋರಿಸಿದ. ಆಸೀಫ್ ಕಿಟಕಿಯಿಂದ ಬಗ್ಗಿ ಕೇಳಿಸಿಕೊಂಡು ತಲೆಯಾಡಿಸಿದ. ಆಮೇಲೆ ನಗುತ್ತ ಕನ್ನಡಿಯನ್ನು ಒಂದಿಷ್ಟು ತಿರುಗಿಸಿ ಸರಿಮಾಡಿಕೊಂಡ.